ಹೊಳೆಯುವ ಗಾಲಿಗೆ ಹಿಡಿಯುವ ಬಿಳಿ ತುಕ್ಕು

ಕಾರಿನ ಗಾಲಿ ಎಂದರೆ ಒಂದು ಕಾಲಕ್ಕೆ ಕಪ್ಪು ಬಣ್ಣ ಬಳಿದ ಉಕ್ಕಿನ ಡಿಸ್ಕು, ಅದರ ಮೇಲೊಂದು ಮುಚ್ಚಳ, ಅಷ್ಟೆ. ಇಂದು ಅನೇಕ ಕಾರುಗಳಲ್ಲಿ ಆ ಜಾಗಕ್ಕೆ ಅಲ್ಯುಮಿನಿಯಂ ಮಿಶ್ರಲೋಹದ ಗಾಲಿ ಬಂದಿದೆ. ಅಲಾಯ್ ವೀಲ್ ಎಂದು ಜನ ಕರೆಯುವುದು ಇದನ್ನೇ. ಇವುಗಳಲ್ಲಿ ಒಂದು ಬಗೆ ‘ಡೈಮಂಡ್ ಕಟ್’ ಗಾಲಿ. ಅದರ ಮುಖ ಕನ್ನಡಿಯಂತೆ ಹೊಳೆಯುತ್ತದೆ, ಸಂದುಗಳಲ್ಲಿ ಕಪ್ಪು ಅಥವಾ ಬೂದು ಬಣ್ಣವಿರುತ್ತದೆ. ಹೊಸದರಲ್ಲಿ ನೋಡಲು ಬಲು ಚೆಂದ. ಆದರೆ ಕೆಲವು ವರ್ಷ ಕಳೆದ ಮೇಲೆ ಆ ಹೊಳಪಿನ ಅಡಿಯಲ್ಲಿ ಹುಳು ಹರಿದಂತೆ ಬಿಳಿಯ ಎಳೆಗಳು ಕಾಣಿಸಿಕೊಳ್ಳುತ್ತವೆ. ಎಷ್ಟು ತಿಕ್ಕಿದರೂ ಅವು ಹೋಗುವುದಿಲ್ಲ. ಅಲ್ಯುಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಹಾಗಾದರೆ ಇದೇನು? ಇದನ್ನು ಸರಿಪಡಿಸುವುದು ಹೇಗೆ? ಸರಿಪಡಿಸಿದ ಗಾಲಿಯನ್ನು ನಂಬಿ ಮನೆಮಂದಿಯೆಲ್ಲ ಪ್ರಯಾಣ ಮಾಡಬಹುದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳೋಣ.

ಕಾಣದ ಕವಚ

ಅಲ್ಯುಮಿನಿಯಂ ತುಕ್ಕು ಹಿಡಿಯದು ಎಂಬ ಮಾತು ಅರ್ಧ ನಿಜ. ವಾಸ್ತವವಾಗಿ ಅದು ಕಬ್ಬಿಣಕ್ಕಿಂತ ಬೇಗ ಆಮ್ಲಜನಕದೊಡನೆ ಸೇರುವ ಲೋಹ. ಹೊಸದಾಗಿ ಕತ್ತರಿಸಿದ ಅಲ್ಯುಮಿನಿಯಂ ಗಾಳಿಗೆ ತಗುಲಿದೊಡನೆ ಅದರ ಮೇಲೆ ಅಲ್ಯುಮಿನಿಯಂ ಆಕ್ಸೈಡಿನ ಪೊರೆ ಮೂಡುತ್ತದೆ. ಇದರ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಕಬ್ಬಿಣದ ತುಕ್ಕು ಸಡಿಲವಾಗಿ ಉದುರುತ್ತ ಹೊಸ ಲೋಹವನ್ನು ಗಾಳಿಗೆ ಒಡ್ಡುತ್ತದೆ. ಅಲ್ಯುಮಿನಿಯಮ್ಮಿನ ಪೊರೆ ಹಾಗಲ್ಲ, ಅದು ಲೋಹವನ್ನು ಬಿಗಿಯಾಗಿ ಅಪ್ಪಿಕೊಂಡು ಒಳಗಿನ ಭಾಗವನ್ನು ಕಾಯುತ್ತದೆ. ಅಲ್ಲಿಗೆ ಕ್ರಿಯೆ ನಿಲ್ಲುತ್ತದೆ.

ಈ ಕವಚಕ್ಕೂ ವೈರಿಗಳಿದ್ದಾರೆ. ಮೊದಲನೆಯದು ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ಪೊರೆಯಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ ಒಳಗೆ ನುಗ್ಗುತ್ತದೆ. ಎರಡನೆಯದು ತೀವ್ರ ಆಮ್ಲ. ಮೂರನೆಯದು ಕ್ಷಾರ. ಪಿಎಚ್ ಸುಮಾರು 4ರಿಂದ 8.5ರ ನಡುವೆ ಇದ್ದರೆ ಪೊರೆ ಗಟ್ಟಿಯಾಗಿ ಉಳಿಯುತ್ತದೆ. ಅದರ ಆಚೆ ಈಚೆ ಹೋದರೆ ಕರಗುತ್ತದೆ. ಅಲ್ಯುಮಿನಿಯಂ ಪಾತ್ರೆಯನ್ನು ಸೋಡಾ ನೀರಿನಲ್ಲಿ ಬಿಟ್ಟರೆ ಕಪ್ಪಾಗುವುದನ್ನು ಮನೆಯಲ್ಲಿ ಎಲ್ಲರೂ ಕಂಡಿರುತ್ತಾರೆ.

ಕ್ಷಾರ ಈ ಪೊರೆಯನ್ನು ಕರಗಿಸುತ್ತದೆ ಎಂಬುದಕ್ಕೆ ನಮ್ಮ ನೆರೆಯ ಬೆಳಗಾವಿಯಲ್ಲಿಯೇ ದೊಡ್ಡ ಸಾಕ್ಷಿ ಇದೆ. ಅಲ್ಲಿಯ ಅಲ್ಯುಮಿನಾ ಕಾರ್ಖಾನೆ ಮೊದಲು ಇಂಡಾಲ್ ಕಂಪನಿಯದಾಗಿತ್ತು, ಈಗ ಹಿಂಡಾಲ್ಕೊ ಕಂಪನಿಯದು. ಬಾಕ್ಸೈಟ್ ಅದಿರನ್ನು ಪುಡಿ ಮಾಡಿ ಬಿಸಿಯಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕುದಿಸುವುದು ಇಂಥ ಕಾರ್ಖಾನೆಗಳ ಮುಖ್ಯ ಕ್ರಿಯೆ. ಅದಿರಿನೊಳಗಿನ ಅಲ್ಯುಮಿನಿಯಂ ಸಂಯುಕ್ತ ಕ್ಷಾರದಲ್ಲಿ ಕರಗುತ್ತದೆ, ಕಬ್ಬಿಣದ ಕೆಂಪು ಮಣ್ಣು ಕರಗದೆ ಕೆಳಗೆ ಉಳಿಯುತ್ತದೆ. ದ್ರಾವಣದಿಂದ ಶುದ್ಧ ಅಲ್ಯುಮಿನಾ ಸಿಗುತ್ತದೆ. ಕಾರ್ಖಾನೆಯಲ್ಲಿ ಉಪಕಾರ ಮಾಡುವ ಈ ಗುಣವೇ ಕಾರಿನ ಗಾಲಿಯ ಮೇಲೆ ಅಪಕಾರ ಮಾಡುತ್ತದೆ.

ನಮ್ಮ ಸೀಮೆಯ ಮಣ್ಣು, ನೀರು

ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಉಪ್ಪು ಚೆಲ್ಲುತ್ತಾರೆ. ಅಲ್ಲಿ ಗಾಲಿಗಳು ಹಾಳಾಗುವುದಕ್ಕೆ ಅದೇ ಮುಖ್ಯ ಕಾರಣ. ನಮ್ಮಲ್ಲಿ ಕರಾವಳಿಯ ಉಪ್ಪುಗಾಳಿ ಇದೇ ಕೆಲಸ ಮಾಡುತ್ತದೆ. ಆದರೆ ಸಮುದ್ರದಿಂದ ದೂರವಿರುವ ಕೃಷ್ಣಾ ತೀರಕ್ಕೆ ಉಪ್ಪು ಎಲ್ಲಿಂದ ಬಂತು?

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಹೆಸರು ನಾಡಿಗೆಲ್ಲ ಗೊತ್ತು. ಸರ್ಕಾರದ ಹಣಕ್ಕೆ ಕಾಯದೆ ರೈತರೇ ವಂತಿಗೆ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜು ಅಲ್ಲಿದೆ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಎದ್ದು ನಿಂತ ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ನೀರು ಬಂದಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ, ಟ್ರ್ಯಾಕ್ಟರು, ಕಾರು ಬಂದವು. ಆದರೆ ಕಪ್ಪು ನೆಲಕ್ಕೆ ಅಳತೆ ಮೀರಿ ನೀರುಣಿಸಿ, ಬಸಿದು ಹೋಗಲು ದಾರಿ ಇಲ್ಲದಿದ್ದರೆ ಭೂಮಿಯೊಳಗಿನ ಲವಣ ಮೇಲೆ ಬಂದು ನೆಲ ಸವಳಾಗುತ್ತದೆ. ಜಮಖಂಡಿ, ಮುಧೋಳದ ಕಡೆಯ ರೈತರಿಗೆ ಈ ಸವಳು-ಜವಳಿನ ಸಂಕಟ ಹೊಸದಲ್ಲ. ಬೇಸಿಗೆಯಲ್ಲಿ ಹೊಲದ ಮೇಲೆ ಬೆಳ್ಳಗೆ ಹೊರೆಗಟ್ಟುವ ಆ ಪುಡಿಯಲ್ಲಿ ಉಪ್ಪೂ ಇರಬಹುದು, ಕ್ಷಾರವೂ ಇರಬಹುದು. ಮಳೆಗಾಲದಲ್ಲಿ ಅದೇ ಮಣ್ಣು ರಾಡಿಯಾಗಿ ಗಾಲಿಗೆ ಮೆತ್ತಿಕೊಳ್ಳುತ್ತದೆ. ಮುಧೋಳದ ಕಡೆ ಸುಣ್ಣಕಲ್ಲು, ಸಿಮೆಂಟಿನ ಧೂಳೂ ಉಂಟು. ಒದ್ದೆ ಸಿಮೆಂಟಿನ ಪಿಎಚ್ 12ನ್ನೂ ದಾಟುತ್ತದೆ. ಇದರ ಜೊತೆಗೆ ಗಡಸು ಕೊಳವೆಬಾವಿ ನೀರಿನಲ್ಲಿ ಕಾರು ತೊಳೆದು ಒರೆಸದೆ ಬಿಟ್ಟರೆ, ನೀರು ಆರಿ ಲವಣ ಗಾಲಿಯ ಮೇಲೆಯೇ ಉಳಿಯುತ್ತದೆ.

ವಜ್ರವೇ ಏಕೆ?

ಕಾರಿನ ಗಾಲಿ ಶುದ್ಧ ಅಲ್ಯುಮಿನಿಯಮ್ಮಿನದಲ್ಲ. ಸಾಮಾನ್ಯವಾಗಿ ಅದರಲ್ಲಿ ಶೇಕಡಾ 7ರಷ್ಟು ಸಿಲಿಕಾನ್, ಅರ್ಧ ಶೇಕಡಾಕ್ಕಿಂತ ಕಡಿಮೆ ಮೆಗ್ನೀಸಿಯಂ ಇರುತ್ತವೆ. ಸಿಲಿಕಾನ್ ಸೇರಿದರೆ ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ಹರಿಯುತ್ತದೆ. ಮೆಗ್ನೀಸಿಯಂ ಇರುವುದರಿಂದ ಲೋಹಕ್ಕೆ ಶಾಖಸಂಸ್ಕಾರ ಕೊಟ್ಟು ಬಲ ತುಂಬಬಹುದು. ಎರಕವನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ತಟ್ಟನೆ ನೀರಿನಲ್ಲಿ ತಣಿಸಿ, ಮತ್ತೆ 150-170 ಡಿಗ್ರಿಯಲ್ಲಿ ಕೆಲವು ಗಂಟೆ ಇಡುತ್ತಾರೆ. ಗಾಲಿಯ ಬಲವೆಲ್ಲ ಈ ಹದದಲ್ಲಿದೆ. ಮುಂದೆ ಹೇಳುವ ದುರಸ್ತಿಗೆ ಈ ಮಾತು ಮುಖ್ಯ, ನೆನಪಿರಲಿ.

ಎರಕವಾದ ಗಾಲಿಗೆ ಮೊದಲು ಪೂರ್ತಿ ಬಣ್ಣ ಹಚ್ಚುತ್ತಾರೆ. ನಂತರ ಅದನ್ನು ಗಣಕಯಂತ್ರ ನಡೆಸುವ ಸಿಎನ್‌ಸಿ ಲೇತ್‌ಗೆ ಕಟ್ಟಿ, ವಜ್ರದ ತುದಿಯಿರುವ ಉಳಿಯಿಂದ ಮುಖದ ಮೇಲಿನ ತೆಳುವಾದ ಪದರವನ್ನು ಹೆರೆಯುತ್ತಾರೆ. ಬಣ್ಣ ಹೋಗಿ ಲೋಹ ಹೊಳೆಯುತ್ತದೆ. ಮಿಶ್ರಲೋಹದೊಳಗಿನ ಸಿಲಿಕಾನ್ ಕಣಗಳು ಬಲು ಗಟ್ಟಿ, ಸಾಮಾನ್ಯ ಉಳಿಯನ್ನು ಅವು ಬೇಗ ಮೊಂಡು ಮಾಡುತ್ತವೆ. ವಜ್ರ ಮಾತ್ರ ಬಹುಕಾಲ ಹರಿತವಾಗಿರುತ್ತದೆ. ಹಾಗೆಂದು ಇದೇ ಉಳಿಯಿಂದ ಉಕ್ಕನ್ನು ಹೆರೆಯಲು ಬರುವುದಿಲ್ಲ. ವಜ್ರವೂ ಇಂಗಾಲವೇ ಆದ್ದರಿಂದ ಕತ್ತರಿಸುವಾಗಿನ ಬಿಸಿಗೆ ಅದು ಕಬ್ಬಿಣದೊಳಗೆ ಸೇರಿ ಸವೆದುಹೋಗುತ್ತದೆ.

ಈ ವಿದ್ಯೆ ಕರ್ನಾಟಕಕ್ಕೆ ಪರಕೀಯವಲ್ಲ. ಬೆಂಗಳೂರಿನಲ್ಲಿ ಎಚ್‌ಎಂಟಿ 1953ರಲ್ಲಿ ಸ್ಥಾಪನೆಯಾಗಿ ಲೇತ್‌ಗಳನ್ನು ತಯಾರಿಸಿತು. 1962ರಲ್ಲಿ ಹುಟ್ಟಿ ಇಂದು ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಎಂದು ಕರೆಸಿಕೊಳ್ಳುವ ಬೆಂಗಳೂರಿನ ಸಂಸ್ಥೆ, ಲೋಹವನ್ನು ಕನ್ನಡಿಯಷ್ಟು ನುಣುಪಾಗಿ ಹೆರೆಯುವ ಅತಿಸೂಕ್ಷ್ಮ ವಜ್ರದ ಲೇತನ್ನೇ ರೂಪಿಸಿದೆ. ಗಾಲಿಗೆ ಅಷ್ಟು ಸೂಕ್ಷ್ಮತೆ ಬೇಕಿಲ್ಲ. ಅದರ ಮುಖದಲ್ಲಿ ಗ್ರಾಮಫೋನ್ ತಟ್ಟೆಯಂತೆ ಸಣ್ಣ ಗೀರುಗಳು ಸುತ್ತುಸುತ್ತಾಗಿ ಉಳಿಯುತ್ತವೆ. ಬಿಸಿಲಿಗೆ ಹಿಡಿದರೆ ಕಾಣುವ ಕಾಮನಬಿಲ್ಲಿನ ಛಾಯೆ ಈ ಗೀರುಗಳದೇ.

ಎಳೆ ಎಳೆಯಾಗಿ ಹರಿಯುವ ಕ್ಷಯ

ಹೆರೆದ ಮುಖದಲ್ಲಿ ಪ್ರೈಮರ್ ಇಲ್ಲ, ಬಣ್ಣ ಇಲ್ಲ. ಹೊಳಪು ಕಾಣಬೇಕೆಂದು ಅದರ ಮೇಲೆ ಒಂದು ಪಾರದರ್ಶಕ ವಾರ್ನಿಷನ್ನಷ್ಟೇ ಹಾಕಿರುತ್ತಾರೆ. ಡೈಮಂಡ್ ಕಟ್ ಗಾಲಿಯ ಚೆಲುವೂ ಇದೇ, ದೌರ್ಬಲ್ಯವೂ ಇದೇ. ಚೂಪಾದ ಅಂಚುಗಳ ಮೇಲೆ ವಾರ್ನಿಷ್ ನಿಲ್ಲದೆ ಜಾರಿ ತೆಳುವಾಗುತ್ತದೆ. ರಸ್ತೆಯ ಕಲ್ಲು ಬಡಿದು ಒಂದು ಚಿಕ್ಕ ಚೂರು ಎದ್ದರೂ ಸಾಕು, ಉಪ್ಪುನೀರಿಗೆ ಬಾಗಿಲು ತೆರೆದಂತೆ.

ಒಳಹೊಕ್ಕ ಹನಿ ಒಂದು ಪುಟ್ಟ ವಿದ್ಯುತ್ಕೋಶವಾಗುತ್ತದೆ. ಎಳೆಯ ತಲೆಯ ಭಾಗದಲ್ಲಿ ಆಮ್ಲಜನಕ ಕಡಿಮೆ. ಅಲ್ಲಿ ಅಲ್ಯುಮಿನಿಯಂ ಕರಗಿ ದ್ರಾವಣ ಆಮ್ಲೀಯವಾಗುತ್ತದೆ. ಬಾಲದ ಭಾಗಕ್ಕೆ ತೂತಿನ ಮೂಲಕ ಗಾಳಿ ಸಿಗುತ್ತದೆ, ಅಲ್ಲಿ ಬಿಳಿಯ ಹೈಡ್ರಾಕ್ಸೈಡ್ ಪುಡಿ ನಿಲ್ಲುತ್ತದೆ. ತಲೆ ಮುಂದೆ ಮುಂದೆ ಸರಿಯುತ್ತ ವಾರ್ನಿಷನ್ನು ಲೋಹದಿಂದ ಎಬ್ಬಿಸುತ್ತದೆ. ಹೀಗೆ ರಬಕವಿ-ಬನಹಟ್ಟಿಯ ಮಗ್ಗದ ನೂಲಿನಷ್ಟು ಸಣ್ಣ ಎಳೆಗಳು ಹರಡುತ್ತವೆ. ಹವೆಯಲ್ಲಿ ತೇವ ಹೆಚ್ಚಿದ್ದಾಗ ಈ ಓಟ ಚುರುಕು. ಎಳೆ ಇರುವುದು ವಾರ್ನಿಷಿನ ಕೆಳಗೆ. ಮೇಲಿನಿಂದ ಪಾಲಿಶ್ ತಿಕ್ಕಿದರೆ ಅದು ಹೋಗದಿರುವುದಕ್ಕೆ ಇದೇ ಕಾರಣ.

ಲೋಹ ಲೋಹ ಸೇರುವಲ್ಲಿ ಇನ್ನೊಂದು ಬಗೆಯ ಕ್ಷಯವಿದೆ. ಪಿಯುಸಿ ವಿದ್ಯಾರ್ಥಿಗಳು ವಿದ್ಯುದ್ರಾಸಾಯನಿಕ ಶ್ರೇಣಿಯನ್ನು ನೆನಪಿಸಿಕೊಳ್ಳಿ. ಅಲ್ಯುಮಿನಿಯಮ್ಮಿನ ಪ್ರಮಾಣ ವಿಭವ ಮೈನಸ್ 1.66 ವೋಲ್ಟ್, ಕಬ್ಬಿಣದ್ದು ಮೈನಸ್ 0.44. ಎರಡೂ ಒದ್ದೆಯಲ್ಲಿ ತಗುಲಿಕೊಂಡಿದ್ದರೆ ಅಲ್ಯುಮಿನಿಯಂ ತಾನು ಕರಗಿ ಕಬ್ಬಿಣವನ್ನು ಕಾಪಾಡುತ್ತದೆ. ಗಾಲಿಯ ಸಮತೂಕಕ್ಕೆ ಅಂಚಿಗೆ ಬಡಿದ ಉಕ್ಕಿನ ಕ್ಲಿಪ್ಪಿನ ಸುತ್ತ ಮೊದಲು ಬಿಳಿ ಪುಡಿ ಕಾಣುವುದು ಈ ಕಾರಣಕ್ಕೆ.

ದುರಸ್ತಿಯ ಕ್ರಮ

ಕಲಾಯಿ ಮಾಡುವವರನ್ನು ನೋಡಿದ್ದೀರಾ? ಹಿತ್ತಾಳೆ ಪಾತ್ರೆಯನ್ನು ಮೊದಲು ಚೆನ್ನಾಗಿ ತಿಕ್ಕಿ, ಕಾಯಿಸಿ, ನವಸಾಗರ ಹಾಕಿ ಕೊಳೆಯನ್ನೆಲ್ಲ ಬಿಡಿಸುತ್ತಾರೆ. ಆಮೇಲಷ್ಟೇ ತವರ. ಕೊಳೆಯ ಮೇಲೆ ಕಲಾಯಿ ಹಿಡಿಯದು. ಗಾಲಿಯ ದುರಸ್ತಿಯ ನೀತಿಯೂ ಅದೇ.

ಮೊದಲು ಟೈರು, ವಾಲ್ವು, ತೂಕದ ಕ್ಲಿಪ್ಪುಗಳನ್ನೆಲ್ಲ ಬಿಚ್ಚುತ್ತಾರೆ. ಗಾಲಿಯನ್ನು ತಿರುಗಿಸಿ ಅದು ಸೊಟ್ಟಗಿದೆಯೆ ಎಂದು ಅಳೆಯುತ್ತಾರೆ. ನಂತರ ಹಳೆಯ ವಾರ್ನಿಷ್, ಬಣ್ಣ ಎರಡನ್ನೂ ರಾಸಾಯನಿಕದಿಂದ ಅಥವಾ ಗಾಜಿನ ಮಣಿ, ಅಲ್ಯುಮಿನಾ ಪುಡಿಗಳನ್ನು ಗಾಳಿಯ ಒತ್ತಡದಲ್ಲಿ ಎರಚಿ ತೆಗೆಯುತ್ತಾರೆ. ಇದಕ್ಕೆ ಉಕ್ಕಿನ ಗುಂಡುಗಳನ್ನು ಬಳಸಬಾರದು. ಉಕ್ಕಿನ ಕಣ ಲೋಹದಲ್ಲಿ ನಾಟಿಕೊಂಡರೆ ಕ್ಷಯದ ಬೀಜ ಬಿತ್ತಿದಂತೆ.

ಬಣ್ಣ ಹೋದ ಮೇಲೆ ಬರುವುದು ಎಲ್ಲಕ್ಕಿಂತ ಮುಖ್ಯವಾದ ಹಂತ, ಬಿರುಕಿನ ಪರೀಕ್ಷೆ. ಕೆಂಪು ಬಣ್ಣದ ತೆಳು ದ್ರವವನ್ನು ಗಾಲಿಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿಯ ಪುಡಿ ಹರಡುತ್ತಾರೆ. ಕೇಶಾಕರ್ಷಣೆಯಿಂದ ಬಿರುಕಿನೊಳಗೆ ಇಳಿದಿದ್ದ ದ್ರವವನ್ನು ಪುಡಿ ಮೇಲಕ್ಕೆ ಹೀರಿ ಕೆಂಪು ಗೆರೆ ತೋರಿಸುತ್ತದೆ. ವಿಮಾನದ ಭಾಗಗಳನ್ನು ಪರೀಕ್ಷಿಸುವುದೂ ಇದೇ ತತ್ವದಿಂದ. ಹಿಂದೆ ರೈಲ್ವೆ ಕಾರ್ಯಾಗಾರಗಳಲ್ಲಿ ಗಾಲಿಗೆ ಎಣ್ಣೆ ಹಚ್ಚಿ ಒರೆಸಿ, ಸುಣ್ಣ ಬಳಿದು ಬಿರುಕು ಹುಡುಕುತ್ತಿದ್ದರು.

ಬಿರುಕಿಲ್ಲ ಎಂದು ಖಚಿತವಾದರೆ ಲೋಹಕ್ಕೆ ರಾಸಾಯನಿಕ ಪೂರ್ವಸಂಸ್ಕಾರ ಕೊಡುತ್ತಾರೆ. ಹಿಂದೆ ಇದಕ್ಕೆ ವಿಷಕಾರಿಯಾದ ಕ್ರೋಮೇಟ್ ಬಳಸುತ್ತಿದ್ದರು. ಈಗ ಜಿರ್ಕೋನಿಯಂ, ಟೈಟಾನಿಯಂ ಸಂಯುಕ್ತಗಳೂ ಬಳಕೆಯಲ್ಲಿವೆ. ಎರಕದ ಸೂಕ್ಷ್ಮರಂಧ್ರಗಳಲ್ಲಿ ಅಡಗಿದ ಗಾಳಿ ಹೊರಹೋಗಲು ಗಾಲಿಯನ್ನು ಒಮ್ಮೆ ಕಾಯಿಸುತ್ತಾರೆ. ಇಲ್ಲವಾದರೆ ಬಣ್ಣದಲ್ಲಿ ಗುಳ್ಳೆ ಏಳುತ್ತದೆ. ಆಮೇಲೆ ಪೌಡರ್ ಕೋಟಿಂಗ್. ವಿದ್ಯುದಾವೇಶ ಕೊಟ್ಟ ಬಣ್ಣದ ಪುಡಿ ಗಾಲಿಗೆ ಅಂಟಿಕೊಳ್ಳುತ್ತದೆ, ಒಲೆಯಲ್ಲಿ ಸುಮಾರು 160ರಿಂದ 200 ಡಿಗ್ರಿಯಲ್ಲಿ ಕರಗಿ ಹರಡಿ ಗಟ್ಟಿಯಾಗುತ್ತದೆ.

ಕೊನೆಗೆ ಲೇತ್. ಯಂತ್ರದ ಸ್ಪರ್ಶಸೂಚಿ ಗಾಲಿಯ ಮುಖವನ್ನು ಮುಟ್ಟಿ ಮುಟ್ಟಿ ಅದರ ಏರಿಳಿತಗಳನ್ನು ದಾಖಲಿಸಿಕೊಳ್ಳುತ್ತದೆ. ವಜ್ರದ ಉಳಿ ಅದೇ ದಾರಿಯಲ್ಲಿ ಸಾಗಿ ಮಿಲಿಮೀಟರಿನ ಹತ್ತರಲ್ಲಿ ಕೆಲವು ಪಾಲಿನಷ್ಟು ಲೋಹವನ್ನು ತೆಗೆಯುತ್ತದೆ. ಹೆರೆದ ಮುಖವನ್ನು ಬರಿಗೈಯಿಂದ ಮುಟ್ಟುವಂತಿಲ್ಲ, ಬೆವರಿನ ಉಪ್ಪೇ ಸಾಕು ಮುಂದಿನ ಎಳೆ ಹುಟ್ಟಲು. ತಡ ಮಾಡದೆ ತೊಳೆದು, ಒಣಗಿಸಿ, ಪಾರದರ್ಶಕ ವಾರ್ನಿಷ್ ಹಾಕುತ್ತಾರೆ.

ಎಲ್ಲಿಗೆ ನಿಲ್ಲಿಸಬೇಕು?

ಪ್ರತಿ ಸಲ ಹೆರೆದಾಗಲೂ ಗಾಲಿ ಸ್ವಲ್ಪ ತೆಳುವಾಗುತ್ತದೆ. ಬಣ್ಣ ಎಷ್ಟು ಸಲ ಬೇಕಾದರೂ ಬಳಿಯಬಹುದು, ಹೋದ ಲೋಹ ಮರಳಿ ಬರದು. ಆದ್ದರಿಂದ ಒಂದು ಗಾಲಿಯನ್ನು ಹೀಗೆ ಹೆರೆಯುವುದು ಹೆಚ್ಚೆಂದರೆ ಎರಡು ಮೂರು ಸಲ ಎಂಬುದು ಈ ಕಸುಬಿನವರ ಮಾತು. ಕಲೆ ಆಳವಾಗಿದ್ದರೆ ಒಂದು ಸಲವೂ ಹೆಚ್ಚೇ.

ಇದಕ್ಕಿಂತ ದೊಡ್ಡ ಅಪಾಯ ಬೆಂಕಿಯಿಂದ. ಹೊಂಡಕ್ಕೆ ಬಿದ್ದು ಸೊಟ್ಟಗಾದ ಗಾಲಿಯನ್ನು ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ಬಡಿದು ನೆಟ್ಟಗೆ ಮಾಡುವುದುಂಟು, ಬಿರುಕಿಗೆ ಬೆಸುಗೆ ಹಾಕಿ ಉಜ್ಜಿ ಬಣ್ಣ ಬಳಿಯುವುದುಂಟು. ಗಾಲಿಯ ಬಲ 150-170 ಡಿಗ್ರಿಯಲ್ಲಿ ಕೊಟ್ಟ ಹದದಲ್ಲಿದೆ ಎಂದೆವಲ್ಲ. ಜ್ವಾಲೆ, ಬೆಸುಗೆ ಎರಡೂ ಆ ಹದವನ್ನು ಕೆಡಿಸುತ್ತವೆ. ಬೆಸುಗೆಯ ಅಕ್ಕಪಕ್ಕದ ಲೋಹ ಮೆತ್ತಗಾಗುತ್ತದೆ. ಹೊರಗಿನಿಂದ ಹೊಸ ಗಾಲಿಯಂತೆ ಕಂಡರೂ ಒಳಗೆ ಅದು ಹಳೆಯ ಬಲದ ಗಾಲಿಯಲ್ಲ. ಹೊಸ ಗಾಲಿಯ ಮಾದರಿಗಳನ್ನು ಮಾರಾಟಕ್ಕೆ ಮುನ್ನ ತಿರುವಿನ ಬಾಗುವಿಕೆ, ಭಾರ ಹೊತ್ತು ಉರುಳುವಿಕೆ, ಹೊಡೆತ ಎಂಬ ಮೂರು ಬಗೆಯ ಪರೀಕ್ಷೆಗೆ ಒಡ್ಡಿರುತ್ತಾರೆ. ಬೆಸೆದ ಗಾಲಿಯನ್ನು ಹಾಗೆ ಯಾರೂ ಪರೀಕ್ಷಿಸಿರುವುದಿಲ್ಲ. ಅಲ್ಯುಮಿನಿಯಂ ಗಾಲಿ ದಣಿದು ಒಡೆಯುವಾಗ ಉಕ್ಕಿನ ಡಿಸ್ಕಿನಂತೆ ಬಾಗಿ ಮುನ್ಸೂಚನೆ ಕೊಡಬೇಕೆಂದೇನೂ ಇಲ್ಲ. ಕಡ್ಡಿಗಳಲ್ಲಾಗಲಿ, ನಟ್ಟು ಕೂರುವ ನಡುಭಾಗದಲ್ಲಾಗಲಿ ಬಿರುಕು ಕಂಡರೆ ಆ ಗಾಲಿಯನ್ನು ಗುಜರಿಗೆ ಹಾಕಬೇಕು. ಅಲ್ಯುಮಿನಿಯಂ ಮತ್ತೆ ಕರಗಿಸಿ ಬಳಸಬಹುದಾದ ಲೋಹ, ಗುಜರಿಯಲ್ಲೂ ಅದಕ್ಕೆ ಬೆಲೆಯಿದೆ.

ಇನ್ನೂ ಒಂದು ಸೂಕ್ಷ್ಮ. ನಟ್ಟು ಕೂರುವ ತಗ್ಗಿನಲ್ಲೂ ಗಾಲಿಯ ಹಿಂಬದಿಯಲ್ಲೂ ದಪ್ಪ ಬಣ್ಣ ನಿಲ್ಲಬಾರದು. ಓಡಾಟದಲ್ಲಿ ಆ ಬಣ್ಣ ಸವೆದರೆ ಬಿಗಿ ಸಡಿಲವಾಗುತ್ತದೆ. ದುರಸ್ತಿಯಾದ ಗಾಲಿಯನ್ನು ಹಾಕಿಸಿ 50-100 ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಿಸುವುದು ಒಳ್ಳೆಯದು.

ಮತ್ತೆ ವಜ್ರವೇ ಬೇಕೆ?

ಸವಳು ಮಣ್ಣು, ಕಲ್ಲುದಾರಿ, ಕಬ್ಬಿನ ಗಾಡಿಗಳ ನಡುವೆ ಓಡುವ ಕಾರಿಗೆ ಹೆರೆದ ಮುಖ ಅಷ್ಟು ಹೊಂದುವುದಿಲ್ಲ. ಕ್ಷಯವನ್ನು ಪೂರ್ತಿ ತೆಗೆದ ಮೇಲೆ ವಜ್ರದ ಲೇತ್‌ಗೆ ಕಟ್ಟದೆ, ಇಡೀ ಗಾಲಿಗೆ ಒಂದೇ ಬಣ್ಣದ ಪೌಡರ್ ಕೋಟಿಂಗ್ ಮಾಡಿಸಿದರೆ ಲೋಹ ಉಳಿಯುತ್ತದೆ, ಖರ್ಚು ಕಡಿಮೆ, ಬಾಳಿಕೆ ಹೆಚ್ಚು. ಪ್ರೈಮರ್, ಬಣ್ಣ, ವಾರ್ನಿಷ್ ಮೂರೂ ಸೇರಿ ಕವಚ ದಪ್ಪವಾಗುತ್ತದೆ. ಹೊಳಪು ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೆ.

ದಿನನಿತ್ಯದ ಕಾಳಜಿ ಇನ್ನೂ ಸುಲಭ. ರಾಡಿ ಒಣಗುವ ಮೊದಲೇ ಸಿಹಿನೀರಿನಿಂದ ತೊಳೆದು ಬಟ್ಟೆಯಿಂದ ಒರೆಸಿ. ಗಾಲಿಗೆ ಆಮ್ಲವನ್ನಾಗಲಿ ಬಟ್ಟೆ ಸೋಡಾವನ್ನಾಗಲಿ ಹಾಕಬೇಡಿ. ಬಿಸಿಯಾಗಿರುವ ಗಾಲಿಗೆ ತೊಳೆಯುವ ದ್ರಾವಣ ಸುರಿಯಬೇಡಿ. ಸಮತೂಕಕ್ಕೆ ಬಡಿಯುವ ಕ್ಲಿಪ್ಪಿನ ಬದಲು ಅಂಟಿಸುವ ತೂಕವನ್ನು ಕೇಳಿ. ವಾರ್ನಿಷಿನ ಚೂರು ಎದ್ದಿದ್ದರೆ ಎಳೆ ಹರಿಯುವ ಮೊದಲೇ ಮುಚ್ಚಿಸಿ.

ನೀವೇ ಮಾಡಿ ನೋಡಿ

ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯ ನಾಲ್ಕು ಒಂದೇ ಅಳತೆಯ ತುಂಡು ತೆಗೆದುಕೊಳ್ಳಿ. ನಾಲ್ಕು ಗಾಜಿನ ಲೋಟಗಳಲ್ಲಿ ಕ್ರಮವಾಗಿ ಮಳೆನೀರು, ಉಪ್ಪುನೀರು, ತಾಮ್ರದ ತಂತಿ ಸುತ್ತಿದ ತುಂಡಿಗಾಗಿ ಉಪ್ಪುನೀರು, ವಾಷಿಂಗ್ ಸೋಡಾ ನೀರು ಇಡಿ. ಒಂದು ವಾರ ದಿನವೂ ನೋಡಿ ಬರೆದಿಡಿ. ಸೋಡಾ ನೀರಿನಲ್ಲಿ ಸಣ್ಣ ಗುಳ್ಳೆಗಳೆದ್ದು ಹಾಳೆ ಮಬ್ಬಾಗುವುದನ್ನೂ, ತಾಮ್ರ ತಗುಲಿದ ಕಡೆ ತುಂಡು ಬೇರೆಯದಕ್ಕಿಂತ ಬೇಗ ಕೆಡುವುದನ್ನೂ ಗಮನಿಸಿ. ಗುಳ್ಳೆಗಳು ಜಲಜನಕದವು, ಆದ್ದರಿಂದ ಲೋಟದ ಬಾಯಿ ಮುಚ್ಚಬೇಡಿ, ಹತ್ತಿರ ಬೆಂಕಿ ತರಬೇಡಿ. ಕಾಸ್ಟಿಕ್ ಸೋಡಾ ಮಾತ್ರ ಮುಟ್ಟಬೇಡಿ, ಅದು ಕಣ್ಣು ಚರ್ಮಗಳನ್ನು ಸುಡುತ್ತದೆ. ನಿಮ್ಮೂರಿನ ಕೊಳವೆಬಾವಿಯ ನೀರನ್ನು ಐದನೆಯ ಲೋಟದಲ್ಲಿಟ್ಟರೆ ನಿಮ್ಮ ಸೀಮೆಯ ಗಾಲಿಗಳ ಕಥೆ ನಿಮಗೇ ತಿಳಿಯುತ್ತದೆ.

ಐಟಿಐಯಲ್ಲಿ ಟರ್ನರ್, ಮೆಷಿನಿಸ್ಟ್ ಕಲಿಯುವವರಿಗೆ ಈ ಕೆಲಸದಲ್ಲಿ ದುಡಿಮೆಯೂ ಇದೆ, ಹೊಣೆಯೂ ಇದೆ. ಬಿರುಕಿನ ಮೇಲೆ ಬಣ್ಣ ಬಳಿದು ಕೊಟ್ಟ ಗಾಲಿ ಬೇರೊಬ್ಬರ ಮನೆಮಂದಿಯನ್ನು ಹೊತ್ತು ಓಡುತ್ತದೆ. ಗಾಲಿ ಕೊಳ್ಳುವವರಾಗಲಿ, ದುರಸ್ತಿ ಮಾಡಿಸುವವರಾಗಲಿ, ಬಣ್ಣ ಯಾವುದು ಎಂದು ಕೇಳುವ ಮೊದಲು ಬಿರುಕಿನ ಪರೀಕ್ಷೆ ಆಯಿತೆ ಎಂದು ಕೇಳಲಿ.